39 ಹಲ್ಲು, 43 ಹಲ್ಲು

ಎರಡು ಹಳೆ ಜೀಪು ಬಿಚ್ಚಿ ಒಂದನ್ನು ಓಡುವಂತೆ ಮಾಡುವುದು ಗುರುಮಠಕಲ್, ಯಾದಗಿರಿ ಸೀಮೆಯ ಮೆಕ್ಯಾನಿಕ್ಕುಗಳಿಗೆ ಹೊಸದೇನಲ್ಲ. ಒಂದರ ಎಂಜಿನ್ ಜಾಮ್ ಆಗಿರುತ್ತದೆ, ಇನ್ನೊಂದರ ಚಾಸಿ ತುಕ್ಕು ತಿಂದಿರುತ್ತದೆ. ಅದರದ್ದು ಬಿಚ್ಚಿ ಇದಕ್ಕೆ ಹಾಕಿದರೆ ಬೋಲ್ಟಿನ ತೂತಿಗೆ ತೂತು ಸರಿಯಾಗಿ ಕೂಡುತ್ತದೆ. ಹೀಗೆ ಕೂಡುವುದರ ಹಿಂದೆ ನೂರಾರು ವರ್ಷಗಳ ಹಟವಿದೆ, ಮತ್ತು ಅದು ಶುರುವಾದದ್ದು ಬಂದೂಕಿನಿಂದ.

ಹಿಂದೆಲ್ಲ ಬಂದೂಕಿನ ಒಂದೊಂದು ತುಂಡನ್ನೂ ಅರ ಹಾಕಿ ಉಜ್ಜಿ ಅದರ ಜೊತೆಯ ತುಂಡಿಗೆ ಹೊಂದಿಸುತ್ತಿದ್ದರು. ಒಂದರದ್ದು ಇನ್ನೊಂದಕ್ಕೆ ಆಗುತ್ತಿರಲಿಲ್ಲ. 1785ರಲ್ಲಿ ಫ್ರಾನ್ಸಿನಲ್ಲಿದ್ದ ಅಮೆರಿಕದ ರಾಯಭಾರಿ ಥಾಮಸ್ ಜೆಫರ್ಸನ್, ಹೊನೊರೆ ಬ್ಲಾಂಕ್ ಎಂಬ ಕುಶಲಕರ್ಮಿಯ ಬಳಿಗೆ ಹೋದ. 50 ಬಂದೂಕುಗಳ ಲಾಕ್‌ಗಳನ್ನು ಬಿಡಿಬಿಡಿಯಾಗಿ ಬಿಚ್ಚಿಟ್ಟಿದ್ದರು. ಕೈಗೆ ಸಿಕ್ಕ ತುಂಡುಗಳನ್ನೇ ಎತ್ತಿಕೊಂಡು ಜೆಫರ್ಸನ್ ತಾನೇ ಕೆಲವನ್ನು ಜೋಡಿಸಿದ. ಎಲ್ಲವೂ ಕೂತವು. ಕಣ್ಣಳತೆ ಬಿಟ್ಟು ಅಚ್ಚು, ಗೇಜು ನಂಬಿದ್ದೇ ಬ್ಲಾಂಕ್ ಕಂಡುಕೊಂಡ ದಾರಿ.

ಆ ವಿದ್ಯೆಯನ್ನು ಮೋಟಾರಿಗೆ ತಂದವರಲ್ಲಿ ಮುಖ್ಯನಾದವನು ಹೆನ್ರಿ ಲೀಲ್ಯಾಂಡ್. ಬಂದೂಕು ಕಾರ್ಖಾನೆಯಲ್ಲಿ ಪಳಗಿದ ಕೈ, ಆಮೇಲೆ ಕ್ಯಾಡಿಲಾಕ್ ಕಟ್ಟಿದ. 1908ರಲ್ಲಿ ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್‌ನಲ್ಲಿ ಮೂರು ಕ್ಯಾಡಿಲಾಕ್ ಕಾರುಗಳನ್ನು ಪೂರ್ತಿ ಬಿಚ್ಚಿ ಒಂದೇ ರಾಶಿ ಮಾಡಿದರು. ಅದರಲ್ಲಿ 89 ಭಾಗಗಳನ್ನು ತೆಗೆದಿಟ್ಟು ಅಂಗಡಿಯ ಸ್ಪೇರ್ ಹಾಕಿದರು. ಬರೀ ಪಾನಾ, ಸ್ಕ್ರೂ ಡ್ರೈವರ್ ಹಿಡಿದು ಮತ್ತೆ ಮೂರು ಕಾರು ಕಟ್ಟಿದರು. ಒಂದೇ ಕಾರಿನ ಮೈಮೇಲೆ ಬೇರೆ ಬೇರೆ ಕಾರಿನ ಬಣ್ಣ! ಮೂರೂ 500 ಮೈಲಿ ಓಡಿದವು, ಕ್ಯಾಡಿಲಾಕ್‌ಗೆ ಡ್ಯೂವರ್ ಟ್ರೋಫಿ ಬಂತು. ನನ್ನ ಮಟ್ಟಿಗೆ ಮೋಟಾರಿನ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಪರೀಕ್ಷೆ ಇನ್ನೊಂದಿಲ್ಲ.

ಜೀಪಿನ ಸರದಿ 1941ರಲ್ಲಿ ಬಂತು. ಅಮೆರಿಕದ ಸೇನೆ ವಿಲೀಸ್ ಕಂಪನಿಯ ನಕ್ಷೆಯನ್ನು ಒಪ್ಪಿ, ಅದೇ ನಕ್ಷೆಯಂತೆ ಫೋರ್ಡಿಗೂ ಗಾಡಿ ಕಟ್ಟಲು ಹೇಳಿತು. ಯುದ್ಧಭೂಮಿಯಲ್ಲಿ ಕೆಟ್ಟ ಫೋರ್ಡಿನ ಭಾಗ ವಿಲೀಸಿಗೆ ಕೂರಲೇಬೇಕಿತ್ತು. ಎರಡೂ ಸೇರಿ 6 ಲಕ್ಷಕ್ಕೂ ಹೆಚ್ಚು ಗಾಡಿ ಹೊರಬಂದವು. ಫೋರ್ಡ್ ತನ್ನ ಬೋಲ್ಟುಗಳ ತಲೆಯ ಮೇಲೂ ‘ಎಫ್’ ಅಕ್ಷರ ಒತ್ತಿತು. ಚಾಸಿಯ ಮುಂದಿನ ಅಡ್ಡಪಟ್ಟಿ ಮಾತ್ರ ಬೇರೆ: ವಿಲೀಸಿನದು ಗುಂಡನೆಯ ಪೈಪು, ಫೋರ್ಡಿನದು ಬೋರಲು ಹಾಕಿದ ಕಾಲುವೆಯಂಥ ಪಟ್ಟಿ. ಇಂದಿಗೂ ಹಳೆ ಜೀಪಿನ ಕುಲ ಗುರುತಿಸುವವರು ಮೊದಲು ಬಗ್ಗಿ ನೋಡುವುದು ಅಲ್ಲಿಗೇ.

ಭಾರತದಲ್ಲಿ ಮಹೀಂದ್ರಾ ದಶಕಗಳ ಕಾಲ ಕಟ್ಟಿದ ಸಿಜೆ-3ಬಿ ಇದೇ ವಂಶದ ಕುಡಿ. ಹಾಗಾಗಿ ಯುದ್ಧಕಾಲದ ಜೀಪಿನ ಮುಂದಿನ ಎಕ್ಸೆಲ್ ಇದಕ್ಕೂ ಆಗುತ್ತದೆಂದು ಯಾರಿಗಾದರೂ ಅನ್ನಿಸುತ್ತದೆ. ಮೋಸ ಇರುವುದು ಒಳಗಿನ ಹಲ್ಲಿನಲ್ಲಿ. ಯುದ್ಧದ ಜೀಪಿನ ಪಿನಿಯನ್ನಿಗೆ 8 ಹಲ್ಲು, ಕ್ರೌನಿಗೆ 39. ಸಿಜೆ-3ಬಿಯಲ್ಲಿ ಪಿನಿಯನ್ 8, ಕ್ರೌನ್ 43. ಹಿಂದಿನ ಗಾಲಿ 10 ಸುತ್ತು ತಿರುಗುವಷ್ಟರಲ್ಲಿ ಮುಂದಿನದು 11 ತಿರುಗಲು ನೋಡುತ್ತದೆ. ಟೂ-ವೀಲಿನಲ್ಲಿ ಓಡಿಸುವವರೆಗೂ ಏನೂ ಗೊತ್ತಾಗುವುದಿಲ್ಲ. ಕೆಸರಿನಲ್ಲಿ ಫೋರ್-ವೀಲ್ ಹಾಕಿದರೂ ಗಾಲಿ ಜಾರಿ ಹೊಂದಿಕೊಂಡುಬಿಡುತ್ತದೆ. ಡಾಂಬರಿನ ಮೇಲೆ ಹಾಗೇ ಓಡಿಸಿದರೆ ಶಾಫ್ಟ್ ಬಿಗಿದು ಗೇರು ಬಿಡಿಸಲು ಬರುವುದಿಲ್ಲ, ಕೊನೆಗೆ ಟ್ರಾನ್ಸ್‌ಫರ್ ಕೇಸಿನ ಹಲ್ಲೇ ಹೋಗಬಹುದು.

ಹೌಸಿಂಗ್ ತೆರೆಯದೆಯೇ ಇದನ್ನು ತಿಳಿಯುವ ದಾರಿಯಿದೆ. ಒಂದು ಕಡೆಯ ಹಬ್ ಅಲುಗದಂತೆ ಹಿಡಿದು, ಇನ್ನೊಂದು ಕಡೆಯದನ್ನು ಸರಿಯಾಗಿ ಎರಡು ಸುತ್ತು ತಿರುಗಿಸಬೇಕು. ಪಿನಿಯನ್ನಿನ ಮೂತಿಗೆ ಸೀಮೆಸುಣ್ಣದ ಗುರುತು ಹಾಕಿ ಸುತ್ತು ಎಣಿಸಬೇಕು. ಐದಕ್ಕೆ ಚೂರು ಕಡಿಮೆ ಬಂದರೆ ಅದು 39ರ ಜೋಡಿ. ಐದು ದಾಟಿ ಇನ್ನೂ ಕಾಲು ಸುತ್ತಿಗಿಂತ ಹೆಚ್ಚು ಹೋದರೆ 43ರದು. ಬೇರೆಯದ್ದೆಂದು ತಿಳಿದರೆ ಎಕ್ಸೆಲ್ ಬಿಡಬೇಕಾಗಿಲ್ಲ. ಕ್ರೌನ್ ಮತ್ತು ಪಿನಿಯನ್ ಎರಡನ್ನೂ ಜೋಡಿಯಾಗಿಯೇ ಬದಲಿಸಿ, ಶಿಮ್ ಹಾಕಿ ಹಲ್ಲು ಕೂರಿಸಬೇಕು.