ಅಣಬೆಯ ಬೀಜಕಣಗಳನ್ನು ಅಳೆಯುವ ಕ್ರಮ

ಅಡಿಕೆಯ ಮರದ ಬುಡದಲ್ಲಿ ಕೆಂಗಂದು ಬಣ್ಣದ, ಮೆರುಗುಳ್ಳ ಅಣಬೆಯು ಮೂಡಿತೆಂದರೆ ಆ ಮರದ ಆಯುಸ್ಸು ಮುಗಿಯಿತೆಂದೇ ತೋಟಗಾರರು ತಿಳಿಯುವರು. ಅಣಬೆ ರೋಗವೆಂದು ಹೆಸರಾದ ಈ ವ್ಯಾಧಿಗೆ ಗ್ಯಾನೊಡರ್ಮ ಎಂಬ ಶಿಲೀಂಧ್ರವು ಕಾರಣ. ಇದು ಬೇರಿನಿಂದ ಬೇರಿಗೆ ಹಬ್ಬುವುದರಿಂದ, ರೋಗದ ಮರವನ್ನು ಬುಡಸಹಿತ ಕಿತ್ತು ಸುಟ್ಟು, ಸುತ್ತಲೂ ಎರಡಡಿ ಆಳದ ಕಂದಕವನ್ನು ತೋಡಬೇಕಾಗುವುದು. ಆದರೆ ತೋಟದ ಕೊರಡುಗಳ ಮೇಲೆ ಬೆಳೆಯುವ ಅಣಬೆಗಳೆಲ್ಲವೂ ಈ ಜಾತಿಯವಲ್ಲ. ಸತ್ತ ಕಟ್ಟಿಗೆಯನ್ನು ಮಾತ್ರ ತಿನ್ನುವ ನಿರಪಾಯವಾದವುಗಳೂ ಉಂಟು. ಫಲ ಕೊಡುವ ಮರವನ್ನು ವೃಥಾ ಕಡಿಯುವುದೂ, ರೋಗದ ಮರವನ್ನು ಉಳಿಸಿಕೊಳ್ಳುವುದೂ ಎರಡೂ ನಷ್ಟವೇ. ಸಂದೇಹವಿರುವಲ್ಲಿ ಬೀಜಕಣವನ್ನು ಅಳೆದು ನೋಡತಕ್ಕದ್ದು.

ಗ್ಯಾನೊಡರ್ಮದ ಬೀಜಕಣವು ಕಂದುಬಣ್ಣದ್ದು. ಒಂದು ತುದಿಯು ಕತ್ತರಿಸಿದಂತೆ ಮೊಟಕು. ಉದ್ದವು ಸಾಮಾನ್ಯವಾಗಿ 8ರಿಂದ 12 ಮೈಕ್ರಾನ್. ಮೈಕ್ರಾನ್ ಎಂದರೆ ಒಂದು ಮಿಲ್ಲಿಮೀಟರಿನ ಸಾವಿರದ ಒಂದು ಪಾಲು. ಸೂಕ್ಷ್ಮದರ್ಶಕದ ಮೇಲೆ ಕೆತ್ತಿರುವ ಪಟ್ಟಿನ ಅಂಕಿಯನ್ನು ನಂಬಿ ಇಷ್ಟು ಸಣ್ಣ ವಸ್ತುವಿನ ಅಳತೆಯನ್ನು ಹೇಳುವುದು ಸಲ್ಲದು. ಹಿಂದೆ ಊರಿನ ಕೊಳಗವನ್ನು ಸರಕಾರದ ಮುದ್ರೆಯ ಕೊಳಗದೊಡನೆ ಸರಿನೋಡುತ್ತಿದ್ದಂತೆ, ಈ ಯಂತ್ರವನ್ನೂ ಸರಿನೋಡಬೇಕು.

ಅದಕ್ಕೆ ಎರಡು ಗಾಜಿನ ಅಳತೆಪಟ್ಟಿಗಳು ಬೇಕು. ಕಣ್ಣಿನ ಮಸೂರದೊಳಗಿಡುವ ಪಟ್ಟಿಯಲ್ಲಿ 100 ಗೆರೆಭಾಗಗಳಿರುವುವು. ಅವುಗಳಿಗೆ ತಮ್ಮದೇ ಆದ ಬೆಲೆಯಿಲ್ಲ. ಪೀಠದ ಮೇಲಿಡುವ ಪಟ್ಟಿಯಲ್ಲಿ ಒಂದು ಮಿಲ್ಲಿಮೀಟರನ್ನು 100 ಭಾಗ ಮಾಡಿದೆ. ಒಂದೊಂದು ಭಾಗವೂ 10 ಮೈಕ್ರಾನ್. ಎರಡರ ಮೊದಲ ಗೆರೆಗಳನ್ನು ಒಂದರ ಮೇಲೊಂದು ಕೂಡಿಸಿ, ಅವು ದೂರದಲ್ಲಿ ಮತ್ತೆಲ್ಲಿ ಸರಿಯಾಗಿ ಕೂಡುವುವೆಂಬುದನ್ನು ನೋಡಬೇಕು. 40 ಪಟ್ಟಿನ ಮಸೂರದಲ್ಲಿ ಕಣ್ಣುಪಟ್ಟಿಯ 40 ಭಾಗಗಳು ಪೀಠದ 10 ಭಾಗಗಳಿಗೆ ಸರಿಹೋದರೆ, 100 ಮೈಕ್ರಾನನ್ನು 40ರಿಂದ ಭಾಗಿಸಲು ಭಾಗವೊಂದಕ್ಕೆ 2.5 ಮೈಕ್ರಾನ್ ಬೀಳುವುದು. ಆಗ 4 ಭಾಗ ಉದ್ದವಿರುವ ಬೀಜಕಣವು 10 ಮೈಕ್ರಾನ್.

ತಪ್ಪು ನುಸುಳುವುದು ಇಲ್ಲಿಯೇ. ಮಸೂರವನ್ನು ಬದಲಿಸಿದೊಡನೆ ಭಾಗದ ಬೆಲೆಯೂ ಬದಲಾಗುವುದು. 10 ಪಟ್ಟಿನ ಮಸೂರಕ್ಕೆ ಕಂಡ 10 ಮೈಕ್ರಾನಿನ ಬೆಲೆಯನ್ನು ಮರೆತು 40 ಪಟ್ಟಿನದಕ್ಕೆ ಹಚ್ಚಿದರೆ, ಅದೇ ಬೀಜಕಣವು 40 ಮೈಕ್ರಾನ್ ಆಗಿ, ಅಣಬೆಯ ಜಾತಿಯೇ ಬೇರೆಯಾಗಿಬಿಡುವುದು! ಆದಕಾರಣ ಪ್ರತಿಯೊಂದು ಮಸೂರದ ಬೆಲೆಯನ್ನೂ ಬೇರೆಬೇರೆಯಾಗಿ ಬರೆದು ಯಂತ್ರದ ಪೆಟ್ಟಿಗೆಗೆ ಅಂಟಿಸಿಡುವುದು ಲೇಸು. ಅಳೆಯುವಾಗ ಒಂದೆರಡು ಕಣಗಳಿಗೆ ತೃಪ್ತರಾಗದೆ ಇಪ್ಪತ್ತಾದರೂ ನೋಡಬೇಕು.

ಅಣಬೆಯನ್ನು ಪರೀಕ್ಷೆಗೆ ಕಳುಹುವ ಯಜಮಾನರು ಅದನ್ನು ಚೂರು ಮಾಡದೆ, ಹಸಿಯಿರುವಾಗಲೇ ರಂಧ್ರಗಳ ಮಗ್ಗುಲನ್ನು ಕೆಳಗೆ ಮಾಡಿ ಬಿಳಿಯ ಕಾಗದದ ಮೇಲೆ ಒಂದು ರಾತ್ರಿ ಇಡತಕ್ಕದ್ದು. ಉದುರಿದ ಪುಡಿಯನ್ನು ಆ ಕಾಗದದಲ್ಲಿಯೇ ಮಡಿಸಿ, ಮರದ ಗುರುತು ಮತ್ತು ತಾರೀಖಿನೊಡನೆ ಅಣಬೆಯ ಜೊತೆಗೆ ಕಳುಹಬೇಕು.