ಡಬ್ಬಿಯ ಮೇಲಿನ ವ್ಯಾಟು, ಫ್ಯೂಸಿನ ಲೆಕ್ಕ

ಕಾರ್ ಸ್ಟೀರಿಯೊ ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ‘50 ವ್ಯಾಟ್ × 4’ ಎಂದು ಬರೆದಿರುತ್ತದೆ. ಸ್ಟೀರಿಯೊವನ್ನು ಹಿಂದುಮುಂದು ಮಾಡಿದರೆ ಎಷ್ಟೋ ಮಾದರಿಗಳಲ್ಲಿ ಕಾಣುವುದು 10 ಆಂಪಿಯರಿನ ಪುಟ್ಟ ಕೆಂಪು ಫ್ಯೂಸು. ಎಂಜಿನ್ ಓಡುವಾಗ ಕಾರಿನಲ್ಲಿ ಸಿಗುವುದು ಸುಮಾರು 14.4 ವೋಲ್ಟ್. ಗುಣಿಸಿದರೆ 144 ವ್ಯಾಟ್. ಒಳಗೆ ಹೋಗುವುದೇ ಇಷ್ಟಾದರೆ 200 ವ್ಯಾಟ್ ಹೊರಗೆ ಬರುವುದೆಲ್ಲಿಂದ?

ಪೂರ್ತಿ ಸುಳ್ಳೆನ್ನುವಂತೆಯೂ ಇಲ್ಲ. 4 ಓಮ್ ಸ್ಪೀಕರಿಗೆ 14.4 ವೋಲ್ಟನ್ನು ಇಡಿಯಾಗಿ ಸುರಿದರೆ 52 ವ್ಯಾಟ್ ಲೆಕ್ಕ ಸಿಗುತ್ತದೆ. ಆದರೆ ಆಗ ಅಲೆಯ ನೆತ್ತಿ ಚಪ್ಪಟೆಯಾಗಿ ಹಾಡು ಬರೀ ಕಿರುಚಾಟ. ಅಲೆ ಕೆಡದಂತೆ ದಕ್ಕುವುದು ಹೆಚ್ಚೆಂದರೆ 26 ವ್ಯಾಟ್. ಅದಕ್ಕೇ ಬೇಸ್ ಪ್ರಿಯರು ಸೀಟಿನಡಿ ಬೇರೆಯದೇ ಆಂಪ್ಲಿಫೈಯರ್ ಕೂರಿಸುತ್ತಾರೆ. ವೋಲ್ಟೇಜ್ ಏರಿಸುವ ಸರ್ಕ್ಯೂಟ್ ಅದರೊಳಗೇ ಇರುತ್ತದೆ.

ಅದರ ಮೈಮೇಲಿನ ಎ, ಎಬಿ, ಡಿ ಎಂಬ ‘ಕ್ಲಾಸ್’ಗಳು ಗುಣಮಟ್ಟದ ದರ್ಜೆಗಳಲ್ಲ; ಟ್ರಾನ್ಸಿಸ್ಟರು ದುಡಿಯುವ ರೀತಿಯ ಹೆಸರುಗಳು. ಎ ಕ್ಲಾಸಿನಲ್ಲಿ ಹಾಡಿರಲಿ, ಇಲ್ಲದಿರಲಿ, ಕರೆಂಟ್ ಹರಿಯುತ್ತಲೇ ಇರುತ್ತದೆ. ಸರಳ ಜೋಡಣೆಯಲ್ಲಿ ಅದರ ದಕ್ಷತೆ ಕಾಗದದ ಮೇಲೂ ಶೇ. 25 ಮೀರದು. ಕಾರಿಗೆ ಅದು ಹೊರಲಾಗದ ಐಷಾರಾಮ. ಬಿ ಕ್ಲಾಸಿನಲ್ಲಿ ಅಲೆಯ ಮೇಲರ್ಧ ಒಂದು ಟ್ರಾನ್ಸಿಸ್ಟರಿಗೆ, ಕೆಳಗಿನರ್ಧ ಇನ್ನೊಂದಕ್ಕೆ, ಮಿತಿ ಶೇ. 78.5. ಆದರೆ ಎರಡೂ ಸೇರುವಲ್ಲಿ ಧ್ವನಿ ಒಡೆಯುತ್ತದೆ. ಆ ಬೆಸುಗೆಯನ್ನು ನಯಗೊಳಿಸಲು ಸ್ವಲ್ಪ ಕರೆಂಟನ್ನು ಸದಾ ಹರಿಯಬಿಟ್ಟಿದ್ದೇ ಎಬಿ.

ಎಬಿಯ ನಿಜವಾದ ತೊಂದರೆ ಬೇರೆ. ದಕ್ಷತೆಯ ಆ ಅಂಕಿಗಳೆಲ್ಲ ಆಂಪ್ ಪೂರ್ತಿ ಶಕ್ತಿಯಲ್ಲಿ ದುಡಿಯುವಾಗಿನವು. ಹಾಡು ಹಾಗಿರುವುದಿಲ್ಲ: ಡೋಲಿನ ಏಟಿಗೆ ಒಂದು ಕ್ಷಣ ಜಿಗಿದು ಮತ್ತೆ ಇಳಿಯುತ್ತದೆ. ಶಕ್ತಿ ಎಂಟನೇ ಒಂದಕ್ಕೆ ಇಳಿದಾಗ ಆದರ್ಶ ಬಿ ಕ್ಲಾಸಿನ ದಕ್ಷತೆಯೂ ಶೇ. 28ಕ್ಕೆ ಕುಸಿಯುತ್ತದೆ. ಮಿಕ್ಕದ್ದು ಶಾಖ. ಎಬಿ ಆಂಪಿನ ಬೆನ್ನ ಮೇಲೆ ಅಷ್ಟೊಂದು ಅಲ್ಯೂಮಿನಿಯಂ ಏಣುಗಳಿರುವುದು ಚೆಂದಕ್ಕಲ್ಲ.

ಡಿ ಕ್ಲಾಸ್ ಈ ದಾರಿಯನ್ನೇ ಬಿಟ್ಟುಬಿಟ್ಟಿತು. (ಡಿ ಎಂದರೆ ಡಿಜಿಟಲ್ ಅಲ್ಲ, ವರ್ಣಮಾಲೆಯಲ್ಲಿ ಮುಂದಿನ ಅಕ್ಷರ, ಅಷ್ಟೇ.) ಇಲ್ಲಿ ಟ್ರಾನ್ಸಿಸ್ಟರು ನಲ್ಲಿಯಂತೆ ಅರೆಬರೆ ತೆರೆಯುವುದಿಲ್ಲ. ಒಂದೋ ಪೂರ್ತಿ ಆನ್, ಇಲ್ಲವೇ ಪೂರ್ತಿ ಆಫ್, ಅದೂ ಸೆಕೆಂಡಿಗೆ ಲಕ್ಷಾಂತರ ಬಾರಿ. ಆನ್ ಎಷ್ಟು ಹೊತ್ತು ಎಂಬುದು ಹಾಡಿನ ಏರಿಳಿತವನ್ನು ಹೇಳುತ್ತದೆ. ಕಾಯಿಲ್ ಮತ್ತು ಕೆಪಾಸಿಟರ್ ಸೇರಿ ಅದನ್ನು ಮತ್ತೆ ಅಲೆಯಾಗಿಸುತ್ತವೆ. ದಕ್ಷತೆ ಶೇ. 80ರಿಂದ 90.

ಸಬ್‌ವೂಫರಿಗೆ 500 ವ್ಯಾಟ್ ಬೇಕೆನ್ನಿ. ಶೇ. 60 ದಕ್ಷತೆಯ ಎಬಿ ಸುಮಾರು 58 ಆಂಪಿಯರ್ ಎಳೆದು 330 ವ್ಯಾಟನ್ನು ಶಾಖವಾಗಿ ಕಳೆಯುತ್ತದೆ. ಶೇ. 90ರ ಡಿಗೆ 39 ಆಂಪಿಯರ್ ಸಾಕು; ಶಾಖ 56 ವ್ಯಾಟ್.

1964ರಲ್ಲೇ ಬ್ರಿಟನ್ನಿನ ಸಿಂಕ್ಲೇರ್ ಕಂಪನಿ ಎಕ್ಸ್-10 ಎಂಬ ಡಿ ಕ್ಲಾಸ್ ಕಿಟ್ ಮಾರಿತ್ತು. ಹೊರಬಂದದ್ದು 2.5 ವ್ಯಾಟ್ ಮಾತ್ರ. ಅಷ್ಟು ಬೇಗ ಆನ್-ಆಫ್ ಆಗಬಲ್ಲ ಟ್ರಾನ್ಸಿಸ್ಟರುಗಳೇ ಆಗ ಇರಲಿಲ್ಲ. ಮಾಸ್ಫೆಟ್‌ಗಳು ಬಂದು ಆ ಕೊರತೆ ನೀಗಿಸಿದವು. ಉಳಿದದ್ದು ರೇಡಿಯೊ ತಕರಾರು: ಆನ್-ಆಫ್‌ನ ಗದ್ದಲ 531ರಿಂದ 1602 ಕಿಲೋಹರ್ಟ್ಸ್‌ನ ಮೀಡಿಯಂ ವೇವ್‌ಗೆ ನುಗ್ಗಿ ಕರಕರ ಎನ್ನಿಸುತ್ತದೆ. ಹಾಗಾಗಿ ಕಾರಿಗೆಂದೇ ಮಾಡಿದ ಕೆಲವು ಹೊಸ ಚಿಪ್‌ಗಳು ಆ ಪಟ್ಟಿಯನ್ನೇ ದಾಟಿ, 2 ಮೆಗಾಹರ್ಟ್ಸ್‌ಗೂ ಮೇಲೆ ಕೆಲಸ ಮಾಡುತ್ತವೆ.