ಬಲಗಡೆಯ ಸೀಟಿನಿಂದ ಎಡಗಡೆಯ ಸೀಟಿಗೆ

ಬೆಂಗಳೂರಿನಿಂದ ಶಿವಮೊಗ್ಗ, ಹುಬ್ಬಳ್ಳಿ, ಬೆಳಗಾವಿಯಂಥ ಊರುಗಳಿಗೆ ಹಾರುವ ಐವತ್ತರಿಂದ ಎಂಬತ್ತು ಸೀಟಿನ ವಿಮಾನಗಳ ಕಾಕ್‌ಪಿಟ್‌ನಲ್ಲಿ ಇಬ್ಬರು ಪೈಲಟ್‌ಗಳಿರುತ್ತಾರೆ. ಎಡಗಡೆ ಕ್ಯಾಪ್ಟನ್, ಬಲಗಡೆ ಫಸ್ಟ್ ಆಫೀಸರ್, ಅಂದರೆ ಕೋ-ಪೈಲಟ್. ಹೊಸದಾಗಿ ಸೇರಿದವರು ಬಲಗಡೆ ಕೂರುತ್ತಾರೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ತೋಟದ ಮನೆಯೊಂದರಿಂದ ಆ ಸೀಟಿನವರೆಗೆ ಹೋಗುವುದಕ್ಕೆ ಏನೇನು ಬೇಕು, ಹೋದ ಮೇಲೆ ಬಡ್ತಿ ಏಕೆ ತಡವಾಗುತ್ತದೆ ಎಂಬುದನ್ನು ತರಬೇತಿ ಶಾಲೆಗಳ ಜಾಹೀರಾತುಗಳು ಹೇಳುವುದಿಲ್ಲ. ಮಕ್ಕಳನ್ನು ಈ ವೃತ್ತಿಗೆ ಕಳಿಸುವ ಮನೆಯವರು ಮೊದಲು ತಿಳಿಯಬೇಕಾದದ್ದು ಅದನ್ನೇ.

ಮೊದಲ ಮೆಟ್ಟಿಲು ವಾಣಿಜ್ಯ ಪೈಲಟ್ ಪರವಾನಗಿ, ಎಲ್ಲರ ಬಾಯಲ್ಲಿ ಸಿಪಿಎಲ್. ಹದಿನೆಂಟು ವರ್ಷ ತುಂಬಿರಬೇಕು, ಪಿಯುಸಿಯಲ್ಲಿ ಭೌತವಿಜ್ಞಾನ ಮತ್ತು ಗಣಿತ ಓದಿರಬೇಕು. ಕಾಮರ್ಸ್ ಅಥವಾ ಆರ್ಟ್ಸ್ ಓದಿದವರು ಮುಕ್ತ ಶಾಲೆಯ ಮೂಲಕ ಈ ಎರಡು ವಿಷಯಗಳನ್ನು ಬರೆದು ಬರುವುದುಂಟು. ಮೊದಲ ದರ್ಜೆಯ ವೈದ್ಯಕೀಯ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಬೆಂಗಳೂರಿನಲ್ಲಿ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ ಈ ತಪಾಸಣೆಗೆ ಹೆಸರಾದ ಜಾಗ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, ನಡೆಸುವ ಪತ್ರಿಕೆಗಳಲ್ಲಿ ನೂರಕ್ಕೆ 70 ಅಂಕ ಬರಬೇಕು. ರೇಡಿಯೋದಲ್ಲಿ ಮಾತಾಡುವ ಪರವಾನಗಿಗೆ ಬೇರೆಯೇ ಪರೀಕ್ಷೆಯಿದೆ. ಇವೆಲ್ಲದರ ಜೊತೆಗೆ 200 ಗಂಟೆಗಳ ಹಾರಾಟ, ಅದರಲ್ಲಿ 100 ಗಂಟೆ ತಾನೇ ವಿಮಾನದ ಹೊಣೆ ಹೊತ್ತು ಹಾರಿದ್ದು.

ವೈದ್ಯಕೀಯ ಪರೀಕ್ಷೆಯನ್ನು ಎಲ್ಲಕ್ಕಿಂತ ಮೊದಲು ಮಾಡಿಸಿಕೊಳ್ಳುವುದೇ ಜಾಣತನ. ಫೀಸು ಕಟ್ಟಿ, ಅರ್ಧ ತರಬೇತಿ ಮುಗಿಸಿದ ಮೇಲೆ ಕಣ್ಣಿನದೋ ಕಿವಿಯದೋ ದೋಷ ಹೊರಬಿದ್ದರೆ ಹಣವೂ ಹೋಯಿತು, ವರ್ಷಗಳೂ ಹೋದವು.

ಇನ್ನು ಖರ್ಚು. ಪರವಾನಗಿಗೂ ನಿರ್ದಿಷ್ಟ ಮಾದರಿಯ ವಿಮಾನ ಹಾರಿಸುವ ಟೈಪ್ ರೇಟಿಂಗ್‌ಗೂ ಸೇರಿ ಇಂದು ಮುಕ್ಕಾಲು ಕೋಟಿಯಿಂದ ಒಂದು ಕೋಟಿ ರೂಪಾಯಿಯವರೆಗೆ ಬೇಕು. ಕಂಪನಿಗಳ ಕೆಡೆಟ್ ಯೋಜನೆಗಳಲ್ಲಿ ಅದನ್ನೂ ದಾಟುತ್ತದೆ. ಕೇಂದ್ರ ಸರ್ಕಾರ 2025ರ ಹಂಗಾಮಿಗೆ ಉಂಡೆ ಕೊಬ್ಬರಿಗೆ ಗೊತ್ತುಮಾಡಿದ ಬೆಂಬಲ ಬೆಲೆ ಕ್ವಿಂಟಲ್‌ಗೆ 12,100 ರೂಪಾಯಿ. ಆ ಲೆಕ್ಕದಲ್ಲಿ ಒಂದು ಕೋಟಿಯೆಂದರೆ ಎಂಟುನೂರು ಕ್ವಿಂಟಲ್‌ಗೂ ಹೆಚ್ಚು ಕೊಬ್ಬರಿ. ಕೊಬ್ಬರಿಯ ದುಡ್ಡು ತಿಂಗಳಿಗೊಮ್ಮೆ ಬರುವುದೂ ಅಲ್ಲ. ಕಾಯನ್ನು ಅಟ್ಟಕ್ಕೇರಿಸಿ ಹತ್ತು ಹನ್ನೆರಡು ತಿಂಗಳು ಬಿಟ್ಟು, ಅಲುಗಾಡಿಸಿದರೆ ಒಳಗಿನ ಉಂಡೆ ಸದ್ದು ಮಾಡುವ ಹದಕ್ಕೆ ಬಂದ ಮೇಲೆ ಸುಲಿಸಿ, ಒಡೆಸಿ, ತಿಪಟೂರು ಮಾರುಕಟ್ಟೆಗೆ ಒಯ್ಯಬೇಕು. 2023ರಲ್ಲಿ ಅಲ್ಲಿನ ದರ ಬೆಂಬಲ ಬೆಲೆಗಿಂತ ಬಹಳ ಕೆಳಗಿಳಿದು ರೈತರು ಬೀದಿಗಿಳಿದಿದ್ದರು. 2025ರಲ್ಲಿ ಅದೇ ಕೊಬ್ಬರಿ ಬೆಂಬಲ ಬೆಲೆಯ ಎರಡರಷ್ಟನ್ನೂ ದಾಟಿತು. ಹೀಗೆ ಏರಿಳಿಯುವ, ವರ್ಷಕ್ಕೊಮ್ಮೆ ಕೈಸೇರುವ ಆದಾಯದ ಮೇಲೆ ತಿಂಗಳ ಕಂತು ಕೂರುತ್ತದೆ.

ಸಾಲ ಸಿಗುವುದರಲ್ಲೂ ಒಂದು ತೊಡಕಿದೆ, ತೋಟದವರಿಗೆ ಅದು ಕೊನೆಗಳಿಗೆಯಲ್ಲಿ ಗೊತ್ತಾಗುತ್ತದೆ. ಏಳೂವರೆ ಲಕ್ಷ ದಾಟಿದ ಶಿಕ್ಷಣ ಸಾಲಕ್ಕೆ ಬ್ಯಾಂಕುಗಳು ಸಾಮಾನ್ಯವಾಗಿ ಆಸ್ತಿಯ ಆಧಾರ ಕೇಳುತ್ತವೆ. ಸಾಲಗಾರನ ಆಸ್ತಿಯನ್ನು ಬ್ಯಾಂಕು ತಾನೇ ವಶಕ್ಕೆ ಪಡೆಯಲು ಅವಕಾಶ ಕೊಡುವ 2002ರ ಸರ್ಫೇಸಿ ಕಾಯ್ದೆ ಕೃಷಿ ಜಮೀನಿಗೆ ಅನ್ವಯಿಸುವುದಿಲ್ಲ. ಹಾಗಾಗಿ ಪಹಣಿ ಹಿಡಿದು ಹೋದವರಿಗೆ ಅನೇಕ ಬ್ಯಾಂಕುಗಳು ಪೇಟೆಯ ಮನೆಯನ್ನೋ ಅಲಿನೇಷನ್ ಆದ ಸೈಟನ್ನೋ ಕೇಳುತ್ತವೆ. ಎಕರೆಗಟ್ಟಲೆ ಫಲ ಬಿಡುವ ತೋಟವಿದ್ದೂ ಸಾಲದ ಕಾಗದದಲ್ಲಿ ಅದಕ್ಕೆ ಬೆಲೆಯಿಲ್ಲದಂತಾಗುತ್ತದೆ. ಆಗ ಉಳಿಯುವುದು ಕೈಸಾಲ, ಒಡವೆ, ಇಲ್ಲವೇ ತೋಟದ ಒಂದು ಭಾಗದ ಮಾರಾಟ. ರೈತರ ಮಕ್ಕಳನ್ನು ಈ ವೃತ್ತಿಯಿಂದ ದೂರ ಇಟ್ಟಿರುವುದರಲ್ಲಿ ಬುದ್ಧಿಯ ಕೊರತೆಗಿಂತ ಈ ಒಂದು ನಿಯಮದ ಪಾಲು ದೊಡ್ಡದು.

ಸರ್ಕಾರದ ಆಸರೆಯೂ ತೆಳುವಾಗಿದೆ. ಮೈಸೂರು ಸಂಸ್ಥಾನದ ಕೊನೆಯ ದಿನಗಳಲ್ಲಿ ಮಹಾರಾಜರು ಕೊಟ್ಟ ಜಾಗದಲ್ಲಿ ಜಕ್ಕೂರಿನ ಸರ್ಕಾರಿ ವೈಮಾನಿಕ ತರಬೇತಿ ಶಾಲೆ ಹುಟ್ಟಿತು. ದೇಶದ ಹಳೆಯ ಶಾಲೆಗಳಲ್ಲಿ ಅದೂ ಒಂದು. ಆದರೆ ಬೆಂಗಳೂರು ಸುತ್ತ ಬೆಳೆದು, ಪಕ್ಕದಲ್ಲೇ ಮೇಲ್ಸೇತುವೆ ಎದ್ದು, ತರಬೇತಿ ಪದೇ ಪದೇ ನಿಂತುಹೋಯಿತು. 2021ರಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರ ದೇಶದ ಐದು ನಿಲ್ದಾಣಗಳಲ್ಲಿ ಹೊಸ ತರಬೇತಿ ಶಾಲೆಗಳಿಗೆ ಜಾಗ ಕೊಟ್ಟಾಗ ಬೆಳಗಾವಿ ಮತ್ತು ಕಲಬುರಗಿ ಆ ಪಟ್ಟಿಯಲ್ಲಿದ್ದವು. ಅಲ್ಲಿ ಕಲಿಯಲು ಜಾಗವಿದೆ, ಫೀಸು ಮಾತ್ರ ಖಾಸಗಿಯದೇ.

ಪರವಾನಗಿ ಬಂದ ಮೇಲಿನ ಕಾಯುವಿಕೆ ಅತ್ಯಂತ ಕಷ್ಟದ ಕಾಲ. ಕೆಲಸವಿಲ್ಲದ ಪೈಲಟ್‌ನ ಖರ್ಚು ನಿಲ್ಲುವುದಿಲ್ಲ. ವೈದ್ಯಕೀಯ ಪ್ರಮಾಣಪತ್ರವನ್ನು ಪ್ರತಿವರ್ಷ ಹೊಸದು ಮಾಡಿಸಬೇಕು, ಇನ್‌ಸ್ಟ್ರುಮೆಂಟ್ ರೇಟಿಂಗ್ ಜೀವಂತವಾಗಿರಬೇಕು, ಹಾರಾಟ ಮರೆಯದಂತೆ ಆಗಾಗ ದುಡ್ಡು ಕೊಟ್ಟು ಹಾರಬೇಕು. ಊರಿನಲ್ಲಿ ಮಾತ್ರ ಆಗಲೇ ಪೈಲಟ್ ಎಂಬ ಹೆಸರು ಬಿದ್ದಿರುತ್ತದೆ. ಮದುವೆ, ಜಾತ್ರೆಗೆ ಹೋದಲ್ಲೆಲ್ಲ ಯಾವ ಕಂಪನಿ ಎಂದು ಕೇಳುವವರಿಗೆ ಉತ್ತರ ಹೇಳುವುದೇ ಒಂದು ಸಂಕಟ. ಈ ಕಾಲದಲ್ಲಿ ತರಬೇತಿ ಶಾಲೆಯಲ್ಲೇ ಸಹಾಯಕ ಬೋಧಕರಾಗಿ ನಿಲ್ಲುವುದು ಒಳ್ಳೆಯ ದಾರಿ. ಸಂಬಳ ಸಣ್ಣದಾದರೂ ಲಾಗ್‌ಬುಕ್‌ನಲ್ಲಿ ಗಂಟೆಗಳು ಸೇರುತ್ತವೆ, ಇನ್ನೊಬ್ಬರ ತಪ್ಪನ್ನು ಗಾಳಿಯಲ್ಲೇ ತಿದ್ದುವ ಅಭ್ಯಾಸವೂ ಆಗುತ್ತದೆ.

ಪ್ರಾದೇಶಿಕ ಕಂಪನಿಗಳ ಬಾಗಿಲು ಈಚೆಗೆ ಅಗಲವಾಗಿ ತೆರೆದದ್ದು ಕೇಂದ್ರ ಸರ್ಕಾರದ ಉಡಾನ್ ಯೋಜನೆಯಿಂದ. 2017ರ ಏಪ್ರಿಲ್‌ನಲ್ಲಿ ಮೊದಲ ವಿಮಾನ ಹಾರಿದ ಈ ಯೋಜನೆ ಸಣ್ಣ ಊರುಗಳ ಮಾರ್ಗಗಳಲ್ಲಿ ಕಂಪನಿಗೆ ಬೀಳುವ ನಷ್ಟವನ್ನು ಒಂದು ಅವಧಿಯವರೆಗೆ ತುಂಬಿಕೊಡುತ್ತದೆ. ಸಂಜಯ್ ಘೋಡಾವತ್ ಸಮೂಹದ ಸ್ಟಾರ್ ಏರ್ 2019ರ ಜನವರಿಯಲ್ಲಿ ಐವತ್ತು ಸೀಟಿನ ಎಂಬ್ರಾಯರ್ ಜೆಟ್‌ನೊಂದಿಗೆ ಬೆಂಗಳೂರು–ಹುಬ್ಬಳ್ಳಿ ನಡುವೆ ಹಾರಾಟ ಶುರುಮಾಡಿತು. ಅದೇ ನವೆಂಬರ್‌ನಲ್ಲಿ ಕಲಬುರಗಿ ನಿಲ್ದಾಣ ತೆರೆಯಿತು. ಶಿವಮೊಗ್ಗದ ನಿಲ್ದಾಣ 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾಗಿ, ಆಗಸ್ಟ್ ಕೊನೆಗೆ ಇಂಡಿಗೋದ ಎಟಿಆರ್ ವಿಮಾನ ಅಲ್ಲಿಗೆ ಬಂತು. ಬೆಂಗಳೂರಿನಿಂದ ಶಿವಮೊಗ್ಗಕ್ಕೆ ನಕ್ಷೆಯಲ್ಲಿ ನೇರ ಗೆರೆ ಎಳೆದರೆ ಅದು ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಹುಳಿಯಾರಿನ ಆಸುಪಾಸಿನಲ್ಲೇ ಹಾದುಹೋಗುತ್ತದೆ.

ಎಟಿಆರ್ 72 ಎರಡು ಪ್ರೊಪೆಲ್ಲರ್‌ಗಳ ವಿಮಾನ. ವೇಗ ಗಂಟೆಗೆ ಸುಮಾರು 500 ಕಿಲೋಮೀಟರ್, ಎತ್ತರದ ಮಿತಿ 25,000 ಅಡಿ. ದೊಡ್ಡ ಜೆಟ್‌ಗಳು ಮುಂಗಾರಿನ ಮೋಡವನ್ನು ಬಹುಮಟ್ಟಿಗೆ ಕೆಳಗೆ ಬಿಟ್ಟು ಹಾರಿದರೆ, ಎಟಿಆರ್ ಆ ಮೋಡಗಳ ನಡುವೆಯೇ ದಾರಿ ಹುಡುಕಬೇಕು. ಶಿವಮೊಗ್ಗದಂಥ ಮಾರ್ಗದಲ್ಲಿ ಮೇಲೇರಿ ಸಮತಟ್ಟಾಗುವಷ್ಟರಲ್ಲಿ ಇಳಿಯುವ ತಯಾರಿ ಶುರುವಾಗುತ್ತದೆ. ಕೋ-ಪೈಲಟ್ ಹವಾಮಾನ ವರದಿ ಬರೆದುಕೊಳ್ಳುತ್ತಾನೆ, ಚೆಕ್‌ಲಿಸ್ಟ್ ಓದುತ್ತಾನೆ, ಕಂಟ್ರೋಲ್ ಟವರ್‌ಗೆ ಉತ್ತರಿಸುತ್ತಾನೆ. ನೆಲ ಮುಟ್ಟಿದ ಅರ್ಧ ಗಂಟೆಯೊಳಗೆ ಟಾರ್ಚ್ ಹಿಡಿದು ವಿಮಾನದ ಸುತ್ತ ನಡೆದು ಟೈರು, ಪ್ರೊಪೆಲ್ಲರ್ ಅಲಗು, ಸೋರಿಕೆ ನೋಡಿ ಮತ್ತೆ ಸೀಟಿಗೆ ಬಂದಿರಬೇಕು. ಇಂಥ ನಾಲ್ಕು ಸೆಕ್ಟರ್, ಅಂದರೆ ನಾಲ್ಕು ಹಾರಾಟ, ಮುಗಿಸಿದ ದಿನ ಲಾಗ್‌ಬುಕ್‌ಗೆ ಸೇರುವುದು ನಾಲ್ಕು ಗಂಟೆಯ ಆಸುಪಾಸು. ದೊಡ್ಡ ಜೆಟ್‌ನಲ್ಲಿ ದೆಹಲಿಗೆ ಹೋಗಿಬಂದ ಜೊತೆಗಾರನಿಗೆ ಎರಡೇ ಸೆಕ್ಟರ್‌ನಲ್ಲಿ ಐದಕ್ಕೂ ಹೆಚ್ಚು ಗಂಟೆ ಬಂದಿರುತ್ತದೆ.

ಹೊಸಬರ ಅಸಮಾಧಾನ ಶುರುವಾಗುವುದು ಇಲ್ಲಿಂದ. ಈ ವೃತ್ತಿಯಲ್ಲಿ ಎಲ್ಲವೂ ಗಂಟೆಗಳ ಲೆಕ್ಕ. ಕ್ಯಾಪ್ಟನ್ ಆಗಲು ಬೇಕಾದ ಎಟಿಪಿಎಲ್ ಪರವಾನಗಿಗೆ 1,500 ಗಂಟೆ ಬೇಕು, ಕಂಪನಿಗಳು ಅದರ ಮೇಲೂ ತಮ್ಮದೇ ಮಿತಿ ಇಟ್ಟುಕೊಂಡಿರುತ್ತವೆ. ಸಂಬಳವೂ ಒಂದು ಮಿತಿಯ ಗಂಟೆಗಳಿಗೆ ಖಾತರಿಯ ಮೊತ್ತ, ಅದರಾಚೆ ಹಾರಿದಷ್ಟಕ್ಕೆ ಹೆಚ್ಚುವರಿ ಎಂಬ ಲೆಕ್ಕದಲ್ಲೇ ಬರುವುದು ರೂಢಿ. ವಿಮಾನ ರಿಪೇರಿಗೆ ನಿಂತರೆ, ಮಂಜಿಗೆ ಹಾರಾಟ ರದ್ದಾದರೆ ಗಂಟೆಯೂ ಇಲ್ಲ, ಹೆಚ್ಚುವರಿಯೂ ಇಲ್ಲ. ಮಳೆಗಾಲದ ಕೆಟ್ಟ ಹವೆಯಲ್ಲಿ, ಮಂಗಳೂರಿನಂಥ ಟೇಬಲ್‌ಟಾಪ್ ರನ್‌ವೇಯಲ್ಲಿ ಇಳಿಸುವ ಕೆಲಸವನ್ನು ಕ್ಯಾಪ್ಟನ್ನೇ ಮಾಡುತ್ತಾರೆ. ಕೋ-ಪೈಲಟ್ ನೋಡುತ್ತ ಕಲಿಯಬೇಕು. ಅಂಥ ರನ್‌ವೇಯ ಅಪಾಯವನ್ನು ನೆನೆದರೆ ಈ ಕಟ್ಟುಪಾಡಿಗೆ ಯಾರೂ ಬೇಸರಪಡಲಾರರು. ಆದರೂ ತಿಂಗಳುಗಟ್ಟಲೆ ಲ್ಯಾಂಡಿಂಗ್ ಕೈಗೆ ಸಿಗದಿದ್ದರೆ ಕೈ ಜಡ್ಡುಗಟ್ಟುತ್ತದೆ ಎಂಬ ಅಳುಕು ನಿಜವಾದದ್ದು.

ಬಡ್ತಿ ತಡವಾಗುವುದಕ್ಕೆ ಎರಡನೆಯ ಕಾರಣ ಸೀನಿಯಾರಿಟಿ ಪಟ್ಟಿ. ಕಮಾಂಡ್, ಅಂದರೆ ಎಡಗಡೆಯ ಸೀಟು, ಬಹುತೇಕ ಸೇರಿದ ದಿನಾಂಕದ ಸಾಲಿನಲ್ಲೇ ಸಿಗುತ್ತದೆ. ಎಷ್ಟೇ ಚೆನ್ನಾಗಿ ಹಾರಿಸಿದರೂ ಮುಂದಿನವರನ್ನು ದಾಟುವಂತಿಲ್ಲ. ಕಂಪನಿ ಹೊಸ ವಿಮಾನ ತಂದರೆ ಸಾಲು ಸರಸರ ಸಾಗುತ್ತದೆ, ತರದಿದ್ದರೆ ವರ್ಷಗಳು ನಿಂತಲ್ಲೇ ಕಳೆಯುತ್ತವೆ. ಬೇಸತ್ತು ಬೇರೆ ಕಂಪನಿಗೆ ಹೋದರೆ ಅಲ್ಲಿ ಮತ್ತೆ ಸಾಲಿನ ಕೊನೆ. ಈ ಹುದ್ದೆಯಲ್ಲಿರುವವರನ್ನು ಒಳಗೊಳಗೇ ಕೊರೆಯುವ ಸಂಗತಿ ಇದೇ. ಅನುಭವವನ್ನು ಬೇರೆ ಕಂಪನಿಗೆ ಒಯ್ಯಬಹುದು, ಸರದಿಯನ್ನು ಒಯ್ಯಲಾಗದು.

ಮೂರನೆಯದು ಕಂಪನಿಯ ಆಯಸ್ಸು. ಗೊರೂರಿನಲ್ಲಿ ಬೆಳೆದು, ಸೇನೆಯಿಂದ ಹೊರಬಂದು, ತಿಪಟೂರಿಗೆ ದೂರವಲ್ಲದ ಜಾವಗಲ್‌ನಲ್ಲಿ ತೆಂಗಿನ ತೋಟ ಮಾಡಿದ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಕಟ್ಟಿದರು. ಎಟಿಆರ್‌ಗಳಿಂದಲೇ ಶುರುವಾದ ಆ ಕಂಪನಿ ಸಾಮಾನ್ಯರನ್ನು ವಿಮಾನ ಹತ್ತಿಸಿತು, ನೂರಾರು ಯುವ ಪೈಲಟ್‌ಗಳಿಗೆ ಮೊದಲ ಸೀಟು ಕೊಟ್ಟಿತು. 2008ರ ಹೊತ್ತಿಗೆ ಅದು ಕಿಂಗ್‌ಫಿಷರ್‌ನಲ್ಲಿ ಕರಗಿತು. 2012ರಲ್ಲಿ ತಿಂಗಳುಗಟ್ಟಲೆ ಸಂಬಳ ಬಾಕಿ ಉಳಿದು, ಅಕ್ಟೋಬರ್‌ನಲ್ಲಿ ಕಿಂಗ್‌ಫಿಷರ್ ಹಾರಾಟ ನಿಂತಿತು. ಒಂದೇ ದಶಕದೊಳಗೆ ಕೋ-ಪೈಲಟ್ ಆಗಿ ಸೇರಿ, ಕ್ಯಾಪ್ಟನ್ ಆಗಿ, ಮತ್ತೆ ನಿರುದ್ಯೋಗಿಯಾಗುವುದಕ್ಕೆ ಅಲ್ಲಿ ಎಡೆಯಿತ್ತು. ಉಡಾನ್ ಅಡಿಯಲ್ಲಿ 2017ರ ಡಿಸೆಂಬರ್‌ನಲ್ಲಿ ಮತ್ತೆ ಹಾರಿದ ಏರ್ ಡೆಕ್ಕನ್ 2020ರ ಕೊರೋನಾದಲ್ಲಿ ನಿಂತಿತು. ಬೀದರ್‌ಗೆ ಮೊದಲು ಹಾರಿದ ಟ್ರೂಜೆಟ್ 2022ರಲ್ಲಿ ನಿಂತುಹೋಯಿತು. ಸಣ್ಣ ಕಂಪನಿಯ ವಿಮಾನಗಳ ಸಂಖ್ಯೆ ಕಡಿಮೆ. ಒಂದೆರಡು ಬಾಡಿಗೆ ವಿಮಾನಗಳನ್ನು ಮಾಲೀಕರು ವಾಪಸು ಪಡೆದರೂ ರೋಸ್ಟರ್ ಕುಸಿಯುತ್ತದೆ.

ಇಷ್ಟಾದರೂ ಪ್ರಾದೇಶಿಕ ಕಂಪನಿಯ ವರ್ಷಗಳು ವ್ಯರ್ಥವಲ್ಲ. ಗಂಟೆಗಳು ನಿಧಾನವಾಗಿ ಸೇರಿದರೂ ಟೇಕಾಫ್, ಲ್ಯಾಂಡಿಂಗ್ ಹೆಚ್ಚು ಸಿಗುತ್ತವೆ. ಅಡ್ಡಗಾಳಿ, ಚಿಕ್ಕ ರನ್‌ವೇ, ರೇಡಾರ್ ನೆರವು ಕಡಿಮೆಯಿರುವ ನಿಲ್ದಾಣ, ಇವೆಲ್ಲ ಕೈಯಿಂದ ಹಾರಿಸುವ ವಿದ್ಯೆಯನ್ನು ಗಟ್ಟಿಮಾಡುತ್ತವೆ. ಜೊತೆಗೆ, ಕ್ಯಾಪ್ಟನ್‌ಗಳು ದೊಡ್ಡ ಜೆಟ್‌ಗಳತ್ತ ಹೊರಟಂತೆಲ್ಲ ಇಲ್ಲಿ ಎಡಗಡೆಯ ಸೀಟು ಖಾಲಿಯಾಗುತ್ತದೆ. ಸಂಬಳ ಕಡಿಮೆಯಿದ್ದ ಕಡೆಯೇ ಕಮಾಂಡ್ ಬೇಗ ಬರುವ ಸಂದರ್ಭಗಳು ಹೀಗೆ ಹುಟ್ಟುತ್ತವೆ. ಕಮಾಂಡ್‌ಗೆ ಆಯ್ಕೆಯಾದವರು ಸಿಮ್ಯುಲೇಟರ್‌ನಲ್ಲಿ ಎಂಜಿನ್ ಕೈಕೊಡುವುದು, ಹೊಗೆ, ಹಠಾತ್ ಗಾಳಿಯಂಥ ಪರೀಕ್ಷೆ ದಾಟಿ, ತರಬೇತುದಾರ ಕ್ಯಾಪ್ಟನ್‌ರ ಕಣ್ಣೆದುರು ಎಡಗಡೆ ಕೂತು ಹಾರಿ, ಕೊನೆಗೆ ಅನುಮತಿ ಪಡೆಯುತ್ತಾರೆ. ಅಲ್ಲಿ ನೋಡುವುದು ಕೈಚಳಕವನ್ನಷ್ಟೇ ಅಲ್ಲ. ಹವೆ ಕೆಟ್ಟಾಗ ಪ್ರಯಾಣಿಕರ ಗೊಣಗಾಟಕ್ಕೂ ಕಂಪನಿಯ ಅವಸರಕ್ಕೂ ಬಗ್ಗದೆ ವಿಮಾನ ತಿರುಗಿಸುವ ತೀರ್ಮಾನ ಬರುತ್ತದೆಯೇ ಎಂಬುದನ್ನೂ ನೋಡುತ್ತಾರೆ.

ಎಟಿಆರ್‌ನಿಂದ ಏರ್‌ಬಸ್‌ಗೋ ಬೋಯಿಂಗ್‌ಗೋ ಹೋಗಬೇಕೆಂದರೆ ಹೊಸ ಟೈಪ್ ರೇಟಿಂಗ್ ಬೇಕು. ಕ್ಯಾಪ್ಟನ್ ಆಗಿದ್ದವರೂ ಅಲ್ಲಿ ಎಷ್ಟೋ ಸಲ ಬಲಗಡೆಯಿಂದಲೇ ಶುರುಮಾಡಬೇಕು. ಎಟಿಆರ್ ಮತ್ತು ಏರ್‌ಬಸ್ ಎರಡೂ ಇರುವ ಕಂಪನಿಯಲ್ಲಿ ಒಳಗಿನಿಂದಲೇ ಬದಲಾಯಿಸಿಕೊಳ್ಳುವ ಅವಕಾಶ ಇರುವುದರಿಂದ, ಸಣ್ಣ ಕಂಪನಿಗಿಂತ ಅದು ಮೇಲು ಎಂದು ಹಲವರು ಭಾವಿಸುವುದರಲ್ಲಿ ಅರ್ಥವಿದೆ. ಬಿಟ್ಟುಹೋಗುವುದೂ ಸುಲಭವಲ್ಲ. 2017ರ ಡಿಜಿಸಿಎ ನಿಯಮದಂತೆ ಕೋ-ಪೈಲಟ್ ಆರು ತಿಂಗಳು, ಕ್ಯಾಪ್ಟನ್ ಒಂದು ವರ್ಷ ಮೊದಲೇ ನೋಟಿಸ್ ಕೊಡಬೇಕು. ಟೈಪ್ ರೇಟಿಂಗ್ ಕಂಪನಿಯೇ ಕೊಡಿಸಿದ್ದರೆ ಅದರ ಮೇಲೆ ಇಂತಿಷ್ಟು ವರ್ಷ ಬಿಡುವಂತಿಲ್ಲವೆಂಬ ಬಾಂಡ್. ಇತರ ಉದ್ಯೋಗಗಳಲ್ಲಿ ಸಾಮಾನ್ಯವಾಗಿ ಕಾಣದಷ್ಟು ಉದ್ದದ ಈ ನೋಟಿಸ್ ಪ್ರಯಾಣಿಕರ ಹಿತಕ್ಕಾಗಿ ಎನ್ನುವುದು ಸರಿ. ಆದರೆ ಕಂಪನಿ ಮುಚ್ಚುವಾಗ ಪೈಲಟ್‌ಗೆ ಒಂದು ವಾರದ ಮುನ್ಸೂಚನೆಯೂ ಸಿಗದಿರುವುದು ನ್ಯಾಯವಲ್ಲ.

ದಣಿವಿನ ಪ್ರಶ್ನೆಗೆ ಮಾತ್ರ ಈಚೆಗೆ ಸ್ವಲ್ಪ ಉತ್ತರ ಸಿಕ್ಕಿದೆ. 2024ರ ಜನವರಿಯಲ್ಲಿ ಪ್ರಕಟವಾದ ಹೊಸ ನಿಯಮ ವಾರದ ವಿಶ್ರಾಂತಿಯನ್ನು 36 ಗಂಟೆಯಿಂದ 48ಕ್ಕೆ ಏರಿಸಿತು, ರಾತ್ರಿ ಲ್ಯಾಂಡಿಂಗ್‌ಗಳಿಗೆ ಕಡಿವಾಣ ಹಾಕಿತು. ಅದು 2025ರಲ್ಲಿ ಎರಡು ಹಂತಗಳಲ್ಲಿ ಜಾರಿಗೆ ಬಂತು. ಆ ಡಿಸೆಂಬರ್‌ನಲ್ಲಿ ಇಂಡಿಗೋದ ಹಾರಾಟಗಳು ದೊಡ್ಡ ಸಂಖ್ಯೆಯಲ್ಲಿ ರದ್ದಾದಾಗ, ಈ ನಿಯಮದಡಿ ಅದೇ ಕೆಲಸಕ್ಕೆ ಇನ್ನೂ ಎಷ್ಟು ಪೈಲಟ್‌ಗಳು ಬೇಕು ಎಂಬುದು ಪ್ರಯಾಣಿಕರಿಗೂ ಅರಿವಾಯಿತು.

ನೇಮಕಾತಿ ಪತ್ರಕ್ಕೆ ಸಹಿ ಹಾಕುವ ಮೊದಲು ಕೇಳಿ ತಿಳಿಯಬೇಕಾದ ವಿಷಯಗಳು ಇವು. ಕಂಪನಿಯ ಬಳಿ ಹಾರುವ ಸ್ಥಿತಿಯಲ್ಲಿ ಎಷ್ಟು ವಿಮಾನಗಳಿವೆ, ಬರಲಿರುವವು ಎಷ್ಟು, ಕಳೆದ ವರ್ಷ ಎಷ್ಟು ಮಂದಿಗೆ ಕಮಾಂಡ್ ಸಿಕ್ಕಿತು, ಬಾಂಡ್ ಎಷ್ಟು ವರ್ಷದ್ದು, ಅದು ಸೇರಿದ ದಿನದಿಂದಲೋ ಪೂರ್ಣ ಹಾರಾಟಕ್ಕೆ ಬಿಟ್ಟ ದಿನದಿಂದಲೋ, ತರಬೇತಿಯ ತಿಂಗಳುಗಳಿಗೆ ಸಂಬಳವಿದೆಯೇ, ಉಡಾನ್ ಸಹಾಯಧನದ ಅವಧಿ ಮುಗಿದ ಮೇಲೂ ಆ ಮಾರ್ಗಗಳನ್ನು ಕಂಪನಿ ಉಳಿಸಿಕೊಂಡಿದೆಯೇ. ಇವುಗಳಿಗೆ ಉತ್ತರ ಅದೇ ಕಂಪನಿಯಲ್ಲಿ ಎರಡು ಮೂರು ವರ್ಷದಿಂದ ಬಲಗಡೆ ಕೂತಿರುವ ಕೋ-ಪೈಲಟ್‌ಗಳ ಬಳಿ ಸಿಗುತ್ತದೆ.